ಕೂಡಿಸದೆ ಉಳಿದ ಹನ್ನೊಂದು ಹಾಳೆಗಳು

ಮೂವತ್ತನಾಲ್ಕು ವರ್ಷ ಒಂದೇ ಶಾಲೆಯಲ್ಲಿ ಗಣಿತ ಕಲಿಸಿ ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿರುವ ಗಣಿತ ಮೇಡಂ ಅವರನ್ನು ಈ ಅಭಿನಂದನಾ ಸಂಪುಟದ ಹಲವು ಲೇಖನಗಳು ‘ಹಿಂದುಳಿದ ಮಕ್ಕಳ ತಾಯಿ’ ಎಂದು ಕೊಂಡಾಡಿವೆ. ಪ್ರೀತಿಯ ಮಾತು, ಆದರೆ ಸರಿಯಾದ ಮಾತಲ್ಲ. ಆ ಮಕ್ಕಳು ಹಿಂದುಳಿದವರಲ್ಲ, ಅವರನ್ನು ಹಿಂದಕ್ಕೆ ತಳ್ಳಿದವರು ನಾವು ಎಂದು ಸಹಿ ಹಾಕಿ ಬರೆದುಕೊಟ್ಟ ಶಿಕ್ಷಕಿ ಅವರು. ಗಣಿತ ಬೋಧನೆಯಲ್ಲಿ ಅವರ ಸ್ಥಾನವನ್ನು ಗುರುತಿಸುವುದಾದರೆ ಇಲ್ಲಿಂದಲೇ ಗುರುತಿಸಬೇಕು.

ಅವರ ಸೇವೆಯ ಹನ್ನೆರಡನೆಯ ವರ್ಷ, ಎಂಟನೇ ತರಗತಿಯನ್ನು ಅಂಕಗಳ ಪ್ರಕಾರ ಎ, ಬಿ, ಸಿ ಎಂದು ಒಡೆಯುವ ತೀರ್ಮಾನವಾಯಿತು. ಒಂದೇ ಮಟ್ಟದವರಾದರೆ ಪಾಠ ಸಲೀಸು ಎಂದು ಆಗ ಮೇಡಂ ಕೂಡ ಒಪ್ಪಿದ್ದರು. ಪಟ್ಟಿ ತಯಾರಿಸುವ ಕೆಲಸವೂ ಅವರಿಗೇ ಬಂತು. ‘ಎ’ಗೆ ಮಹಡಿಯ ಗಾಳಿ ಬೆಳಕಿನ ಕೋಣೆ, ‘ಸಿ’ಗೆ ಸೈಕಲ್ ಸ್ಟ್ಯಾಂಡಿನ ಪಕ್ಕದ, ಬೋರ್ಡಿನ ಕಪ್ಪೇ ಕಿತ್ತುಹೋದ ಕೋಣೆ.

ಆ ಪಟ್ಟಿಗೆ ಆಧಾರವಾದ ಪರೀಕ್ಷೆಯ ದಿನ ಒಂದು ಕೋಣೆಯಲ್ಲಿ ದಾರ ಮುಗಿದಿತ್ತು. ಹನ್ನೊಂದು ಮಕ್ಕಳ ಅಡಿಷನಲ್ ಶೀಟುಗಳನ್ನು ಉತ್ತರ ಪತ್ರಿಕೆಗೆ ಕಟ್ಟಲಾಗದೆ ಬೇರೆ ಕವರಿಗೆ ಹಾಕಿ ಮೇಡಂ ಕೈಗೆ ಕೊಟ್ಟಿದ್ದರು. ಅವರು ಬೀರುವಿನಲ್ಲಿಟ್ಟು ಮರೆತರು. ಮೂರು ತಿಂಗಳ ಮೇಲೆ ಕೈವಾರ ಹುಡುಕುವಾಗ ಕವರು ಸಿಕ್ಕಿತು. ನೆಲದ ಮೇಲೇ ಕುಳಿತು ತಿದ್ದಿದರು. ‘ಸಿ’ಯಲ್ಲಿ ಕೂತಿದ್ದ ಆ ಹನ್ನೊಂದು ಮಂದಿಯಲ್ಲಿ ಒಂಬತ್ತು ಮಂದಿ ‘ಎ’ಗೆ ಸೇರಬೇಕಾದವರು. ಅವರಲ್ಲಿ ಟೈಲರ್ ಒಬ್ಬರ ಮಗಳಂತೂ ಇಡೀ ತರಗತಿಗೇ ಎರಡನೆಯವಳು.

“ಯಾರೂ ಕೇಳದೇ ಇರೋವಾಗ ನೀವ್ಯಾಕೆ ಹೆಗಲು ಮುಟ್ಟಿ ನೋಡ್ಕೋತೀರಿ?” ಎಂದರು ಆಗಿನ ಹೆಡ್‌ಮಾಸ್ಟರು. “ಬುದ್ಧಿ ಇದ್ರೆ ಎಲ್ಲಿದ್ರೂ ಮೇಲೆ ಬರ್ತಾರೆ ಬಿಡಿ.”

ಮೇಡಂ ಬಿಡಲಿಲ್ಲ. ಪೋಷಕರ ಸಭೆಯಲ್ಲಿ ಎದ್ದು ನಿಂತು, ತಪ್ಪು ತಮ್ಮದೆಂದು ಹೇಳಿದರು. ಟೈಲರ್ ಕೂಗಾಡಲಿಲ್ಲ. “ಮೂರು ತಿಂಗಳಿಂದ ನಾನೇ ಅವಳಿಗೆ ದಡ್ಡಿ, ದಡ್ಡಿ ಅಂತ ಬೈದಿದೀನಲ್ಲ ಮೇಡಂ. ಅದನ್ನ ಯಾವ ಹಾಳೆಲಿ ಕೂಡಿಸ್ತೀರಿ?” ಎಂದಷ್ಟೇ ಕೇಳಿದರು.

ಮರುದಿನ ಒಂಬತ್ತು ಮಕ್ಕಳನ್ನು ಮಹಡಿಗೆ ಕರೆದೊಯ್ಯಲು ಮೇಡಂ ಹೋದರೆ ಐವರು ಮಾತ್ರ ಎದ್ದರು. ಟೈಲರ್ ಮಗಳು ಬೆಂಚು ಬಿಡಲಿಲ್ಲ.

“ಬೇಡ ಮಿಸ್. ಅಲ್ಲಿರೋರೆಲ್ಲ ಬುದ್ಧಿವಂತರು.”

ಮೇಡಂ ಅವಳ ಹಾಳೆಯನ್ನು ಮುಂದಿಟ್ಟರು. “ನೋಡಮ್ಮ, ಈ ಲೆಕ್ಕ ಮಾಡಿದ್ದು ನೀನೇ.”

ಹುಡುಗಿ ತನ್ನದೇ ಅಕ್ಷರವನ್ನು ಬಹಳ ಹೊತ್ತು ನೋಡಿದಳು. “ಯಾರದ್ದಾದ್ರೂ ನೋಡ್ಕೊಂಡು ಬರೆದಿರ್ತೀನಿ ಮಿಸ್,” ಎಂದಳು.

ಮೂರೇ ತಿಂಗಳು. ಹದಿಮೂರು ವರ್ಷದ ಮಗುವಿಗೆ ತನ್ನ ತಲೆಯ ಮೇಲಿದ್ದ ನಂಬಿಕೆಯನ್ನು ಕಿತ್ತುಹಾಕಲು ನಮ್ಮ ಶಾಲೆಗೆ ಅಷ್ಟು ಸಾಕಾಯಿತು. ಹಾಗಾದರೆ ಪಟ್ಟಿಯಲ್ಲಿ ತಪ್ಪೇ ಆಗದ ಉಳಿದ ಮಕ್ಕಳನ್ನು ನಾವು ಏನು ಮಾಡಿದ್ದೇವೆ? ಈ ಪ್ರಶ್ನೆಯನ್ನು ಮೇಡಂ ಸ್ಟಾಫ್ ರೂಮಿನಲ್ಲಿ ಕೇಳಿದರು. ಚಹಾ ಆರುತ್ತದೆ ಎಂದು ಯಾರೋ ನೆನಪಿಸಿದರಂತೆ.

ಅಂದಿನಿಂದ ಇಪ್ಪತ್ತೆರಡು ವರ್ಷ ಅವರು ‘ಸಿ’ಯನ್ನೇ ಕೇಳಿ ಪಡೆದರು. ಊಟದ ಬಿಡುವಿನಲ್ಲೂ ಕಲಿಸಿದರು, ಬೋರ್ಡಿಗೆ ತಾವೇ ಕಪ್ಪು ಬಳಿದರು. ಟೈಲರ್ ಮಗಳು ಹತ್ತನೆಯದನ್ನು ಚೆನ್ನಾಗಿಯೇ ಪಾಸು ಮಾಡಿದಳು, ಆದರೆ ಗಣಿತವನ್ನು ಮತ್ತೆಂದೂ ಆರಿಸಿಕೊಳ್ಳಲಿಲ್ಲ. ಅದನ್ನು ಮೇಡಂ ಇಂದಿಗೂ ತಮ್ಮ ಸೋಲೆಂದೇ ಹೇಳುತ್ತಾರೆ. ಮಕ್ಕಳನ್ನು ಬೆರೆಸಿ ಕೂರಿಸಿ ಎಂದು ವರ್ಷಕ್ಕೊಂದರಂತೆ ಅವರು ಆಡಳಿತ ಮಂಡಳಿಗೆ ಬರೆದ ಪತ್ರಗಳಲ್ಲಿ ಒಂದಕ್ಕೂ ಉತ್ತರ ಬಂದಿರಲಿಲ್ಲ.

ಉತ್ತರ ಈ ವಾರ ಬಂದಿದೆ. ಬರುವ ವರ್ಷದಿಂದ ಐದನೇ ತರಗತಿಯಲ್ಲೇ ಮಕ್ಕಳನ್ನು ಒಡೆಯಬೇಕೆಂಬ ಸುತ್ತೋಲೆಯನ್ನು ನೋಟಿಸ್ ಬೋರ್ಡಿನಲ್ಲಿ ಸನ್ಮಾನದ ಆಹ್ವಾನದ ಪಕ್ಕದಲ್ಲೇ ಅಂಟಿಸಿದ್ದಾರೆ. ಶುಭ ಸಂದರ್ಭದಲ್ಲಿ ಹಳೆಯ ಹಾಳೆಗಳ ಮಾತೇಕೆ ಎಂದು ಸಂಪಾದಕರೊಬ್ಬರು ಮೆಲ್ಲಗೆ ಕೇಳಿದ್ದೂ ಉಂಟು.

ಇಂಥ ಲೇಖನದ ಕೊನೆಗೆ ವಿಶ್ರಾಂತಿಯನ್ನು ಹಾರೈಸುವುದು ವಾಡಿಕೆ. ಮೇಡಂ ಅದನ್ನು ಒಪ್ಪುವವರಲ್ಲ. ಸುತ್ತೋಲೆಯನ್ನು ವಿರೋಧಿಸಿ ಅವರು ಹೊಸ ಪತ್ರ ಬರೆದಿದ್ದಾರೆ. ಈ ಸಂಪುಟದಲ್ಲಿ ಅವರನ್ನು ಹೊಗಳಿರುವ ಹದಿನೆಂಟು ಮಂದಿಯಲ್ಲಿ ಅದಕ್ಕೆ ಸಹಿ ಹಾಕಿದವರು ಇಬ್ಬರು. ಉಳಿದ ಹದಿನಾರು ಮಂದಿ ಅವಸರಪಡಬೇಕಾಗಿಲ್ಲ. ಮೇಡಂ ನೂರು ವರ್ಷ ಬಾಳಲಿ, ಆ ಪತ್ರ ಹಿಡಿದು ದಿನವೂ ಅವರವರ ಮನೆಯ ಬಾಗಿಲು ತಟ್ಟುವಷ್ಟು ಕಸುವು ಅವರ ಕೈಕಾಲಿಗಿರಲಿ.