ಅಣ್ಣ ಬಿಚ್ಚಿದ ಪಿಸ್ತೂಲು

ಕೊಟ್ಟೂರಿನಲ್ಲಿ ಅಣ್ಣನ ಪಂಪ್‌ಸೆಟ್ ರಿಪೇರಿ ಶೆಡ್ಡಿನ ಹಿಂದೆ ಉದ್ದನೆಯ ಖಾಲಿ ಜಾಗವಿತ್ತು. ಕಾಲೇಜಿನಲ್ಲಿ ಹುಡುಗರಿಗೆ ಪಾಠ ಹೇಳಿ ಬಂದು ಸಂಜೆ ಅಲ್ಲಿ ಗುರಿ ಹೊಡೆಯುವುದು ನನ್ನ ರೂಢಿ. ಎನ್‌ಸಿಸಿಯಲ್ಲಿದ್ದಾಗ ಹತ್ತಿದ ಹುಚ್ಚು. ಬೆಂಗಳೂರಿನ ಹಿರಿಯ ಶೂಟರ್ ಒಬ್ಬರು ತಮ್ಮ ಹಳೆಯ ಪಂದ್ಯದ ಏರ್ ಪಿಸ್ತೂಲನ್ನು ನನಗೆ ಕೊಟ್ಟಿದ್ದರು. ಮದ್ದಿನದಲ್ಲ, ಗಾಳಿಯ ಒತ್ತಡದಿಂದ ಕಾಳಿನಷ್ಟು ಸೀಸದ ಗುಂಡು ಹಾರಿಸುವಂಥದ್ದು.

ದಾವಣಗೆರೆಯ ಪಂದ್ಯ ಹತ್ತಿರ ಬಂದಾಗಲೇ ಅದರ ಟ್ರಿಗರ್ ಕೆಟ್ಟಿತು. ಬೆರಳು ಪೂರ್ತಿ ಒತ್ತುವ ಮೊದಲೇ ಗುಂಡು ಹಾರಿಬಿಡುತ್ತಿತ್ತು. ಮರುಸಲ ಎಷ್ಟು ಒತ್ತಿದರೂ ಗೋಡೆ ಒತ್ತಿದಂತೆ ಸುಮ್ಮನಿರುತ್ತಿತ್ತು.

"ನಿನ್ನ ಕೈ ನಡುಗ್ತೈತಿ, ಅಷ್ಟ," ಎಂದ ಅಣ್ಣ, ಮೋಟಾರಿಗೆ ತಂತಿ ಸುತ್ತುತ್ತಾ. "ಟ್ರಿಗರಿಗೇನಾಗೈತಿ? ಒಂದ್ಹನಿ ಎಣ್ಣಿ ಬಿಡು."

"ಎಣ್ಣಿ ಮುಟ್ಟಿಸಬಾರದು ಅಂತ ಇದನ್ನ ಕೊಟ್ಟವ್ರು ಹೇಳ್ಯಾರ ಅಣ್ಣಾ."

"ಎಣ್ಣಿ ಬ್ಯಾಡನ್ನೋ ಮಿಷನ್ ನಾನಂತೂ ನೋಡಿಲ್ಲ."

ನಾನೇ ಹಿಡಿಕೆ ಬಿಚ್ಚಿದೆ. ಟ್ರಿಗರಿನ ಬಿಗಿಗೆ ಒಂದು, ಅದರ ಓಡಾಟಕ್ಕೆ ಒಂದು, ಗುಂಡು ತಾನಾಗಿ ಹಾರದಂತೆ ತಡೆಯುವ ಒಳಗಿನ ಕೊಕ್ಕೆ ಎಷ್ಟು ಹಿಡಿಯಬೇಕು ಎಂಬುದಕ್ಕೆ ಇನ್ನೊಂದು ಸಣ್ಣ ಸ್ಕ್ರೂ. ಯಾವುದು ಎಲ್ಲಿತ್ತೆಂದು ಮರೆಯದಂತೆ ಅವುಗಳ ತಲೆಯ ಮೇಲೆ ಕೆಂಪು ಉಗುರುಬಣ್ಣದ ಗೆರೆ ಎಳೆದೆ. ಒಂದನ್ನೇ ಚೂರು ತಿರುಗಿಸಿ ಹೊಡೆದು ನೋಡುವುದು, ಆಗದಿದ್ದರೆ ಮತ್ತೆ ಗೆರೆಗೆ ತಂದು ನಿಲ್ಲಿಸಿ ಮುಂದಿನದಕ್ಕೆ ಹೋಗುವುದು ಎಂಬುದು ನನ್ನ ಲೆಕ್ಕ.

ಮರುದಿನ ಕಾಲೇಜಿನಿಂದ ಬಂದಾಗ ಪಿಸ್ತೂಲು ಫಳಫಳ ಹೊಳೆಯುತ್ತಿತ್ತು.

"ಸ್ಕ್ರೂಗೆಲ್ಲಾ ಕೆಂಪಂದು ಏನೋ ಮೆತ್ತಿತ್ತು," ಎಂದ ಅಣ್ಣ ಹೆಮ್ಮೆಯಿಂದ. "ಪೆಟ್ರೋಲ್ ಹಾಕಿ ಒರೆಸೀನಿ. ಎಲ್ಲಾ ಬಿಗಿ ಮಾಡಿ ಎಣ್ಣೀನೂ ಬಿಟ್ಟೀನಿ."

ನನಗೆ ಅಳು ಬಂತು, ಸಿಟ್ಟಿಗೆ. ಬಸ್‌ಸ್ಟ್ಯಾಂಡ್ ಹತ್ತಿರದ ಎಸ್‌ಟಿಡಿ ಬೂತಿಗೆ ಹೋಗಿ ಬೆಂಗಳೂರಿನ ಆ ಹಿರಿಯರಿಗೆ ಫೋನು ಹಚ್ಚಿದೆ. ಲೈನು ಗೊರಗೊರ ಅನ್ನುತ್ತಿತ್ತು. ಕೂಗದೆ ಗತಿಯಿಲ್ಲ.

"ಹೌದು ಸರ್, ಪಿಸ್ತೂಲು! ಮುಟ್ಟಿದ್ರೆ ಸಾಕು ಗುಂಡು ಹಾರುತ್ತೆ! ಒಂದೊಂದ್ಸಲ ಹಾರೋದೇ ಇಲ್ಲ! ಶನಿವಾರದೊಳಗೆ ಸರಿಯಾಗ್ಲೇಬೇಕು ಸರ್!"

"ಗುಂಡು ತುಂಬದೆ ಸನ್ನೆ ಎಳೆದು ಕಾಕ್ ಮಾಡಿ, ಆಮೇಲೆ..." ಎಂದು ಅವರು ಹೇಳುವಷ್ಟರಲ್ಲಿ ಲೈನು ಕಡಿಯಿತು. ಮತ್ತೆ ಸಿಗಲೇ ಇಲ್ಲ. ತಿರುಗಿ ನೋಡಿದರೆ ಹಿಂದೆ ಪಾಳಿಯಲ್ಲಿ ನಿಂತಿದ್ದವರೆಲ್ಲ ಒಂದೊಂದು ಹೆಜ್ಜೆ ದೂರ ಸರಿದಿದ್ದರು.

ಬೆಳಿಗ್ಗೆ ಶೆಡ್ಡಿಗೆ ಪೊಲೀಸ್ ಪೇದೆಯೊಬ್ಬರು ಬಂದರು. "ಇಲ್ಲಿ ಯಾರೋ ಮೇಡಂ ಹತ್ರ ಪಿಸ್ತೂಲ್ ಐತಂತ ಸುದ್ದಿ ಬಂದೈತ್ರಿ."

ನಾನು ಏರ್ ಪಿಸ್ತೂಲು, ಪಂದ್ಯ ಎಂದು ವಿವರಿಸುತ್ತಿದ್ದೆ. ಅಣ್ಣನಿಗೆ ಎಲ್ಲಿಲ್ಲದ ಹುಮ್ಮಸ್ಸು. ತಾನೇ ಪೆಟ್ಟಿಗೆ ತೆಗೆದು ಕಾಕ್ ಮಾಡಿ ಗುಂಡನ್ನೂ ತುಂಬಿದ.

"ಅಣ್ಣಾ, ಗುಂಡು ಹಾಕಬ್ಯಾಡ!"

"ಸಾಹೇಬ್ರು ನೋಡ್ಲಿ ತಡಿ," ಎಂದು ಅವರ ಕೈಗೇ ಕೊಟ್ಟ.

ಪೇದೆಗೂ ಹೆದರಿಕೆಯಾಗಿರಬೇಕು. ನಳಿಗೆಯನ್ನು ಗೋಡೆಯ ಕಡೆ ಮಾಡಿ ಬೆಂಚಿನ ಮೇಲೆ ಟಕ್ಕೆಂದು ಇಟ್ಟರು. ಇಟ್ಟದ್ದೇ ತಡ, ಫಟ್ ಎಂದು ಹಾರಿತು. ಮೂಲೆಯಲ್ಲಿದ್ದ ಪ್ಲಾಸ್ಟಿಕ್ ಕೊಡದಿಂದ ನೀರು ದಾರದಂತೆ ಚಿಮ್ಮತೊಡಗಿತು.

"ನಾ ಟ್ರಿಗರ್ ಮುಟ್ಟೇ ಇಲ್ರಿ!" ಎಂದು ಪೇದೆ ಎರಡೂ ಕೈ ಮೇಲೆತ್ತಿದರು.

ಅಣ್ಣ ಕೊಡವನ್ನು ನೋಡಿದ, ಪಿಸ್ತೂಲನ್ನು ನೋಡಿದ. "ಹಂಗಾದ್ರ ಇದು ನಿನ್ನ ಕೈ ತಪ್ಪಲ್ಲ ತಂಗೀ," ಎಂದ ಸಣ್ಣ ದನಿಯಲ್ಲಿ.

ಸ್ವಲ್ಪ ಪೆಟ್ಟು ತಗುಲಿದರೂ ಬಿಡುತ್ತದೆಂದರೆ ಒಳಗಿನ ಕೊಕ್ಕೆ ಹಿಡಿಯುತ್ತಿಲ್ಲ ಎಂದರ್ಥ. ಪೇದೆ ಹೋದ ಮೇಲೆ ಅಣ್ಣನ ಕೈಗೆ ಬ್ಯಾಟರಿ ಕೊಟ್ಟು, "ಬೆಳಕು ಹಿಡಿ, ಬ್ಯಾರೆ ಏನೂ ಮುಟ್ಟಬ್ಯಾಡ," ಎಂದೆ. ಬಿಚ್ಚಿದರೆ ಕೊಕ್ಕೆಯ ಸಂದಿನಲ್ಲಿ ಕರಿ ಜಿಡ್ಡು. ನಾನು ದಿನಾ ಪೆಟ್ಟಿಗೆ ತೆರೆದಿಡುತ್ತಿದ್ದ ಶೆಡ್ಡಿನ ಕಬ್ಬಿಣದ ಪುಡಿ ಮೊದಲೇ ಒಳಸೇರಿತ್ತು. ಅಣ್ಣನ ಎಣ್ಣೆ ಅದನ್ನು ಅಂಟು ಮಾಡಿತ್ತು. ಒರೆಸಿ ಒಣಗಿಸಿ, ಕೊಕ್ಕೆಯ ಸ್ಕ್ರೂವನ್ನು ಚೂರುಚೂರೇ ತಿರುಗಿಸುತ್ತಾ ಬಂದೆ. ಪ್ರತಿ ಸಲವೂ ಗುಂಡಿಲ್ಲದೆ ಕಾಕ್ ಮಾಡಿ, ಹಿಡಿಕೆಗೆ ಕಟ್ಟಿಗೆಯಿಂದ ತಟ್ಟಿದೆ. ಮಧ್ಯಾಹ್ನದ ಹೊತ್ತಿಗೆ ಎಷ್ಟು ತಟ್ಟಿದರೂ ಬಿಡದಾಯಿತು. ಪಂದ್ಯದ ನಿಯಮದಂತೆ ಟ್ರಿಗರ್ ಅರ್ಧ ಕೆಜಿ ಭಾರ ತೂಗಿದರೂ ಬಿಡದೆ ತಡೆಯಬೇಕು. ಪಕ್ಕದ ಕಿರಾಣಿ ಅಂಗಡಿಯ ತೂಕದ ಕಲ್ಲನ್ನು ದಾರದಲ್ಲಿ ಕಟ್ಟಿ ಟ್ರಿಗರಿಗೆ ನೇತುಹಾಕಿದೆ. ತಡೆಯಿತು.

ದಾವಣಗೆರೆಯಲ್ಲೂ ತಪಾಸಣೆಯವರ ತೂಕವನ್ನು ತಡೆಯಿತು. ಒಂದು ಗುಂಡೂ ತಾನಾಗಿ ಹಾರಲಿಲ್ಲ. ಹಾರಿದ್ದೆಲ್ಲ ನಾನು ಹಾರಿಸಿದ್ದೇ. ಪಟ್ಟಿಯಲ್ಲಿ ನನ್ನ ಹೆಸರು ಕೆಳಗಿನಿಂದ ಹುಡುಕಿದರೆ ಬೇಗ ಸಿಗುತ್ತಿತ್ತು.

ಮನೆಗೆ ಬಂದು ಹೇಳಿದೆ. ಅಣ್ಣ ಬಟ್ಟೆಗೆ ಕೈ ಒರೆಸಿಕೊಳ್ಳುತ್ತಾ ಎದ್ದು ಬಂದ.

"ಮತ್ತೊಮ್ಮಿ ಬಿಚ್ಚಿ ನೋಡೋಣೇನು?"

ನಾನು ಪೆಟ್ಟಿಗೆಯನ್ನು ಟ್ರಂಕಿನೊಳಗಿಟ್ಟು ಬೀಗ ಹಾಕಿ, ಅದರ ಮೇಲೆಯೇ ಕೂತು ಊಟ ಮಾಡಿದೆ.