ಕೂತ್ಕೋ ಅಂದವರು

ಕೈಯಲ್ಲಿ ತಟ್ಟೆಗಳಿದ್ದರೆ ಅವರು ಕುರ್ಚಿಯನ್ನು ಕಾಲಿನಿಂದಲೇ ಎಳೆದು ಕೊಡುತ್ತಿದ್ದರು. ನಾನಿದ್ದ ಹಾಲೆಂಡಿನ ಡೆಲ್ಫ್ಟ್‌ನ ಕಾಲುವೆ ಪಕ್ಕ, ತಮ್ಮ ಇಂಗ್ಲೆಂಡಿನ ಹಳ್ಳಿಯಲ್ಲಿದ್ದಂಥದೇ ಪಬ್ಬು ನಡೆಸುತ್ತಿದ್ದ ಮುದುಕರೊಬ್ಬರು.

ಬೆಂಗಳೂರಿನ ದರ್ಶಿನಿಗಳಲ್ಲಿ ನಿಂತು ತಿಂದೇ ಬೆಳೆದವನು ನಾನು. ಮೊದಲ ದಿನ ತಟ್ಟೆ ಖಾಲಿಯಾದ ಕೂಡಲೇ ಎದ್ದುಬಿಟ್ಟೆ. ಕಾಯುವವರಿಗೆ ಜಾಗ ಬಿಡಬೇಕಲ್ಲ! ಮುದುಕರಿಗೆ ಗಾಬರಿ. ‘ಸಿಟ್’ಗೆ ನಿಮ್ಮ ಭಾಷೆಯಲ್ಲಿ ಏನೆನ್ನುತ್ತಾರೆ ಎಂದು ಕೇಳಿದರು.

“ಕೂತ್ಕೋ” ಎಂದೆ.

ಅಂದಿನಿಂದ ಕನ್ನಡದವರು ಯಾರು ಹೋದರೂ ‘ಕೂತ್ಕೋ’. ನನ್ನನ್ನು ನೋಡಲು ಬಂದಿದ್ದ ಅಮ್ಮನಿಗೂ ಹಾಗೇ ಅಂದರು. ‘ಕೂತ್ಕೊಳ್ಳಿ’ ಎಂದು ತಿದ್ದಹೋದರೆ ಅಮ್ಮ ತಡೆದಳು.

“ಬಿಡೋ, ಮನೇವ್ರು ಅಂದಂಗಿದೆ.”

ಒಂದು ಆಲೂಗಡ್ಡೆ ಪೈ ಮುಂದಿಟ್ಟುಕೊಂಡು ಆ ಮಧ್ಯಾಹ್ನ ಮೂರು ಗಂಟೆ ಕೂತಿದ್ದೆವು.

ಕೊರೊನಾ ಬಂತು. ಊಟವೆಲ್ಲ ಕಿಟಕಿಯಿಂದ ಪಾರ್ಸೆಲ್ ಮಾತ್ರ. ಒಂದು ಶನಿವಾರ ಹೋದೆ. ಮಾಸ್ಕಿನೊಳಗಿಂದ ನಕ್ಕು, ಬಿಸಿ ಪೈ ಕೈಗಿತ್ತು, ರೂಢಿಯಂತೆ ಅಂದೇಬಿಟ್ಟರು:

“ಕೂತ್ಕೋ.”

ಇಬ್ಬರೂ ಒಳಗೆ ನೋಡಿದೆವು. ಕುರ್ಚಿಗಳೆಲ್ಲ ಮೇಜುಗಳ ಮೇಲೆ ತಲೆಕೆಳಗಾಗಿದ್ದವು.

ನಾನು ಹೊರಡಲಿಲ್ಲ. ಸೈಕಲ್ಲಿಗೆ ಒರಗಿ, ಅವರ ಕಿಟಕಿಯೆದುರೇ, ಆ ಪೈಯನ್ನು ಎಷ್ಟು ನಿಧಾನವಾಗಿ ತಿನ್ನಬಹುದೋ ಅಷ್ಟು ನಿಧಾನವಾಗಿ ನಿಂತೇ ತಿಂದೆ.