ಕುರಿ ಸೂಜಿಯ ಮೇಡಂ

“ಬಂದ್ರಾ ಮೇಡಂ! ಬೆಳಿಗ್ಗೆಯಿಂದ ಕುರಿ ಮೇಯಾಕೆ ಬಿಡದೆ ರೊಪ್ಪದಾಗೆ ಕೂಡಿ ಹಾಕ್ಕೊಂಡು ಕಾಯ್ತಾ ಇದೀವಿ. ಬರ್ರಿ, ಸೂಜಿ ಹಾಕ್ರಿ!”

ಬೆಂಗಳೂರಿನಿಂದ ನಮ್ಮೂರು ಜಗಳೂರಿಗೆ ಹೊರಟಿದ್ದ ಬಸ್ಸು ಪಂಕ್ಚರಾಗಿ ನಾನು ಹಳ್ಳಿ ಕ್ರಾಸಿನಲ್ಲಿ ಇಳಿದು ನಿಂತಿದ್ದೆ. ಓಡಿಬಂದ ಕುರಿಗಾಹಿ ಅಜ್ಜನ ಕಣ್ಣು ನನ್ನ ಹೆಗಲಿನ ಐಸ್ ಡಬ್ಬಿಯ ಮೇಲಿತ್ತು. ಕುರಿಗಳಿಗೆ ಲಸಿಕೆ ಹಾಕುವವಳು ನಾನೇ ಎಂದುಕೊಂಡಿದ್ದರು. ರೊಪ್ಪದ ಬೇಲಿಯೊಳಗಿಂದ ನೂರಾರು ಕುರಿಗಳೂ ನನ್ನನ್ನೇ ನೋಡುತ್ತಿದ್ದವು!

ನಗು ತಡೆಯಲಾಗಲಿಲ್ಲ. “ಅಜ್ಜಾ, ಈ ಸೂಜಿ ಕುರಿಗಲ್ಲ, ನಂಗೇ ಹಾಕ್ಕೊಳ್ಳಾಕೆ” ಎಂದೆ. ನನಗಿರುವುದು ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರಗಳ ಕಾಯಿಲೆ, ಎರಡು ಔಷಧಿ ಹಿಡಿಸದೆ ಈಗ ಮೂರನೆಯದು ನಡೆದಿದೆ, ಅದು ನಮ್ಮ ಕಡೆ ಸಿಗುವುದಿಲ್ಲ, ಪ್ರತಿ ತಿಂಗಳೂ ಕಾಲೆಳೆದುಕೊಂಡು ಬೆಂಗಳೂರಿಗೆ ಹೋಗಿ ತೆಗೆದುಕೊಂಡು, ಐಸ್ ಕರಗುವುದರೊಳಗೆ ಮನೆ ಸೇರಬೇಕು ಎಂದೆಲ್ಲ ಹೇಳಿದೆ.

ಅಜ್ಜ ಕೋಲನ್ನು ನೆಲಕ್ಕೆ ಕುಟ್ಟಿದರು. “ಏನ್ರೀ ಇದು ಅನ್ಯಾಯ! ನಮ್ಮ ಕುರಿಗೆ ರೊಪ್ಪದ ತನಕ ಸೂಜಿ ಬರ್ತೈತೆ. ಕಾಲು ಸೋತ ನಿಮ್ಮನ್ನ ಬೆಂಗ್ಳೂರಿನ ತನಕ ಅಲೆದಾಡಿಸ್ತಾರಾ? ನೀವ್ಯಾಕೆ ಸುಮ್ನಿದೀರಿ?”

ಕಾಯಿಲೆಯ ಈ ಆರು ವರ್ಷಗಳಲ್ಲಿ ನನ್ನನ್ನು ಕಂಡು ‘ಪಾಪ’ ಎಂದವರು ಬೇಕಾದಷ್ಟು ಮಂದಿ. ನನ್ನ ಪರವಾಗಿ ಸಿಟ್ಟಾದವರು ಈ ಅಜ್ಜ ಒಬ್ಬರೇ. ಮರುದಿನವೇ ಬೆಂಗಳೂರಿನ ಆಸ್ಪತ್ರೆಗೆ ಫೋನ್ ಮಾಡಿ, ಈ ಸೂಜಿ ಜಗಳೂರಿಗೆ ಯಾಕೆ ಬರುವುದಿಲ್ಲ ಎಂದು ಕೇಳಿದೆ. ಉತ್ತರ ಇನ್ನೂ ಸಿಕ್ಕಿಲ್ಲ. ಆದರೆ ಪ್ರತಿ ಸೋಮವಾರ ಅಲ್ಲಿ ಫೋನ್ ಎತ್ತುವವರಿಗೆ ಈಗ ನನ್ನ ದನಿಯ ಗುರುತು ಚೆನ್ನಾಗಿಯೇ ಇದೆ.